ನೆಲ ಒರೆಸುವ ದ್ರಾವಣ 28 ದಿನದ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಎಲ್ಲಿ ತಪ್ಪಿದೆ?

ಅಂಟುವಾಳದ ಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಅತ್ತಿಗೆ ನಾಲ್ಕು ವರ್ಷಗಳಿಂದ ಹಳೆಯ ಕೊಟ್ಟಿಗೆಯಲ್ಲಿ ನೆಲ ಒರೆಸುವ ದ್ರಾವಣ ತಯಾರಿಸುತ್ತಿದ್ದೇವೆ. ಅಂಟುವಾಳದ ಕಷಾಯ, ತೆಂಗಿನೆಣ್ಣೆ ಮೂಲದ ಒಂದು ಸರ್ಫ್ಯಾಕ್ಟೆಂಟ್ (ಕೊಳೆ ಬಿಡಿಸಿ ನೊರೆ ಕೊಡುವ ವಸ್ತು), ಪರಿಮಳಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ, ಉಳಿದದ್ದು ನೀರು. ಊರಿನಲ್ಲಿ ಒಳ್ಳೆಯ ಹೆಸರಿದೆ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದವರು ತಿಂಗಳಿಗೆ ಇನ್ನೂರು ಲೀಟರ್ ಬೇಕೆಂದರು. ಆದರೆ ಇದು ನೀರಿನಲ್ಲಿ ಬೇಗ ಕೊಳೆಯುತ್ತದೆ ಎಂಬ ಪ್ರಯೋಗಾಲಯದ ವರದಿ ಕೊಡಿ ಎಂದು ಷರತ್ತು ಹಾಕಿದರು.

ಎರಡು ತಿಂಗಳ ಲಾಭವನ್ನು ಶುಲ್ಕವಾಗಿ ಕಟ್ಟಿ ಮಾದರಿ ಕಳುಹಿಸಿದೆವು. ನಿನ್ನೆ ವರದಿ ಬಂತು. ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಗೊತ್ತುಪಡಿಸಿದ 301 ಎಫ್ ವಿಧಾನ, 28 ದಿನ, ವಿಘಟನೆ ಶೇ 38. ಕೆಳಗೆ ದಪ್ಪ ಅಕ್ಷರದಲ್ಲಿ, "ಸುಲಭವಾಗಿ ಜೈವಿಕ ವಿಘಟನೆಗೊಳ್ಳುವ ವಸ್ತುವಲ್ಲ".

ನಮ್ಮಜ್ಜಿ ಅಂಟುವಾಳದ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದರು, ಮರುವಾರ ಅಲ್ಲಿ ಎರೆಹುಳು ಇರುತ್ತಿತ್ತು. ಅದು ಹೇಗೆ ಕೊಳೆಯದ ವಸ್ತುವಾಯಿತು? ಬಲ್ಲವರು ದಯವಿಟ್ಟು ತಿಳಿಸಿ.

ಹಿತ್ತಲ ಗಿಡ (ಹಾಸನ)

ಮೇಡಂ, ವರದಿ ಸರಿಯಾಗಿಯೇ ಇರಬಹುದು. ನೈಸರ್ಗಿಕ ಎಂದ ಮಾತ್ರಕ್ಕೆ ಬೇಗ ಕೊಳೆಯಬೇಕೆಂಬ ನಿಯಮವಿಲ್ಲ. ತೇಗದ ತೊಲೆಯೂ ನೈಸರ್ಗಿಕವೇ, ನೂರು ವರ್ಷ ನಿಲ್ಲುತ್ತದೆ.

ಕೆಸರು ಕೈ (ಮೈಸೂರು)

ನಾನು ನೀರಿನ ಪ್ರಯೋಗಾಲಯದಲ್ಲಿ ಹದಿಮೂರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಶೇ 38 ಎಂಬ ಒಂದೇ ಸಂಖ್ಯೆಯಿಂದ ಏನನ್ನೂ ಹೇಳಲಾಗದು. ಅಕ್ಕ, ವರದಿಯ ಒಳಪುಟಗಳನ್ನು ನೋಡಿ ಮೂರು ವಿಷಯ ತಿಳಿಸಿ. ಒಂದು, ಉಲ್ಲೇಖ ವಸ್ತು (ಹೋಲಿಕೆಗೆಂದು ಇಡುವ, ಸುಲಭವಾಗಿ ಕೊಳೆಯುವ ವಸ್ತು) ಯಾವುದು, ಅದು 14ನೆಯ ದಿನಕ್ಕೆ ಎಷ್ಟಾಗಿತ್ತು? ಎರಡು, ವಿಷತ್ವ ನಿಯಂತ್ರಣ ಎಂಬ ಸೀಸೆಯ ಅಂಕಿ ಎಷ್ಟು? ಮೂರು, ರೇಖಾಚಿತ್ರದಲ್ಲಿ ಗೆರೆ ಮೊದಲ ದಿನದಿಂದಲೇ ನಿಧಾನವಾಗಿ ಏರಿದೆಯೇ ಅಥವಾ ಬಹಳ ದಿನ ಮಲಗಿದ್ದು ಆಮೇಲೆ ಎದ್ದಿದೆಯೇ?

ಅಷ್ಟರಲ್ಲಿ, ಓದುತ್ತಿರುವ ಉಳಿದವರಿಗೆ ಪರೀಕ್ಷೆ ಏನೆಂದು ಹೇಳಿಬಿಡುತ್ತೇನೆ. ಹಾಲಿಗೆ ಹೆಪ್ಪು ಹಾಕುವುದು ಗೊತ್ತಲ್ಲ, ಅದೇ ಕೆಲಸ. ಸ್ವಲ್ಪ ಖನಿಜ ಲವಣ ಬೆರೆಸಿದ ನೀರು ಹಾಲಿನ ಜಾಗದಲ್ಲಿದೆ. ನಿಮ್ಮ ವಸ್ತು ಅದರಲ್ಲಿರುವ ಒಂದೇ ಆಹಾರ. ಹೆಪ್ಪು ಎಂದರೆ ಊರಿನ ಮನೆಗಳ ಕೊಳಚೆ ಸಂಸ್ಕರಿಸುವ ಘಟಕದ ಕೆಸರು. ಬೆಳಿಗ್ಗೆ ಹೋಗಿ ಗಾಳಿ ಊದುವ ತೊಟ್ಟಿಯಿಂದ ಕ್ಯಾನಿನಲ್ಲಿ ತುಂಬಿಸಿಕೊಂಡು ಬರುತ್ತೇವೆ. ಕೆಸರು ಆರೋಗ್ಯವಾಗಿದ್ದರೆ ಮುಚ್ಚಳ ತೆಗೆದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಂದ ದಾರಿಗೆ ಸುಂಕವಿಲ್ಲ, ಮರುದಿನ ಮತ್ತೆ ಹೋಗಬೇಕು. ಅದನ್ನು ತೊಳೆದು, ಲೀಟರಿಗೆ 30 ಮಿಲಿಗ್ರಾಂ ಮೀರದಂತೆ ಸೀಸೆಗೆ ಹಾಕುತ್ತೇವೆ. ಕತ್ತಲು, 22 ಡಿಗ್ರಿ ಆಸುಪಾಸಿನ ಉಷ್ಣತೆ, ಕೆಳಗೆ ಸದಾ ತಿರುಗುವ ಕಾಂತದ ಕಡ್ಡಿ. ಸೀಸೆಯ ಕುತ್ತಿಗೆಯಲ್ಲಿ ಒಂದು ರಬ್ಬರ್ ಬಟ್ಟಲು, ಅದರಲ್ಲಿ ಕ್ಷಾರದ ಹರಳು.

ಬ್ಯಾಕ್ಟೀರಿಯಾಗಳು ಆಹಾರವನ್ನು ತಿಂದು ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಆ ಅನಿಲವನ್ನು ಕ್ಷಾರ ನುಂಗುತ್ತದೆ. ಹಾಗಾಗಿ ಸೀಸೆಯೊಳಗಿನ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ಆಮ್ಲಜನಕ ಖರ್ಚಾಗಿದೆ ಎಂದು ಲೆಕ್ಕ. 301 ಎಫ್ ಎಂದರೆ ಇಷ್ಟೇ.

ನಿವೃತ್ತ ರಸಾಯನ ಮೇಷ್ಟ್ರು (ಧಾರವಾಡ)

ಹೆಪ್ಪಿನ ಹೋಲಿಕೆ ಚೆನ್ನಾಗಿದೆ. ಶೇಕಡಾವಾರು ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ. ಸೋಡಿಯಂ ಬೆಂಜೋಯೇಟ್ ತೆಗೆದುಕೊಳ್ಳಿ, ಉಪ್ಪಿನಕಾಯಿ ಮತ್ತು ಹಣ್ಣಿನ ರಸ ಕೆಡದಂತೆ ಹಾಕುವ ಅದೇ ಲವಣ. ಅದರ 144 ಗ್ರಾಂ ಪೂರ್ತಿಯಾಗಿ ಉರಿದುಹೋಗಲು 240 ಗ್ರಾಂ ಆಮ್ಲಜನಕ ಬೇಕು. ಅಂದರೆ ಒಂದು ಮಿಲಿಗ್ರಾಂಗೆ 1.67 ಮಿಲಿಗ್ರಾಂ. ಇದು ಸೈದ್ಧಾಂತಿಕ ಬೇಡಿಕೆ. ಸೀಸೆಯಲ್ಲಿ ನಿಜವಾಗಿ ಖರ್ಚಾದದ್ದನ್ನು ಇದರಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಅದಕ್ಕೂ ಮೊದಲು, ಬರಿಯ ಕೆಸರು ಇರುವ ಸೀಸೆಯಲ್ಲಿ ಖರ್ಚಾದ ಆಮ್ಲಜನಕವನ್ನು ಕಳೆಯಬೇಕು. ಹೆಪ್ಪಿಗೂ ಉಸಿರಿದೆಯಲ್ಲ!

ತೇರ್ಗಡೆ ಅಂಕ ಶೇ 60. ನೂರು ಏಕಲ್ಲ ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಕೇಳುತ್ತಿದ್ದರು. ಎಮ್ಮೆ ತಿಂದ ಮೇವೆಲ್ಲ ಸಗಣಿಯಾಗುವುದಿಲ್ಲ, ಒಂದಷ್ಟು ಕರುವಾಗುತ್ತದೆ ಎನ್ನುತ್ತಿದ್ದೆ. ತಿಂದ ಇಂಗಾಲದಲ್ಲಿ ಒಂದು ಪಾಲು ಹೊಸ ಜೀವಕೋಶಗಳಾಗಿ ಕೆಸರಿನಲ್ಲೇ ಉಳಿಯುತ್ತದೆ. ಕರಗಿದ ಇಂಗಾಲ ನೀರಿನಿಂದ ಎಷ್ಟು ಮಾಯವಾಯಿತು ಎಂದು ಅಳೆಯುವ ವಿಧಾನಗಳಲ್ಲಿ ಮಾತ್ರ ಅಂಕ ಶೇ 70, ಏಕೆಂದರೆ ಅಲ್ಲಿ ಕರುವೂ ಲೆಕ್ಕಕ್ಕೆ ಬರುತ್ತದೆ.

ಕೆಸರು ಕೈ (ಮೈಸೂರು)

ಮೇಷ್ಟ್ರೇ, ಹತ್ತು ದಿನದ ಕಿಟಕಿ ಬಿಟ್ಟಿರಿ. ವಿಘಟನೆ ಶೇ 10 ಮುಟ್ಟಿದ ದಿನದಿಂದ ಹತ್ತೇ ದಿನದೊಳಗೆ 60 ದಾಟಬೇಕು. 28 ದಿನದಲ್ಲಿ ಹೇಗೋ ತೆವಳಿಕೊಂಡು 60 ಮುಟ್ಟಿದರೆ ಶುದ್ಧ ರಾಸಾಯನಿಕಕ್ಕೆ "ಸುಲಭ" ಎಂಬ ಪದವಿ ಸಿಗುವುದಿಲ್ಲ.

ಅಂಟುವಾಳದ ಮನೆ (ಸಾಗರ)

ಕೆಸರು ಕೈ ಅವರೇ, ನೋಡಿದೆ. ಉಲ್ಲೇಖ ವಸ್ತು ಸೋಡಿಯಂ ಬೆಂಜೋಯೇಟ್, 14ನೆಯ ದಿನಕ್ಕೆ ಶೇ 82. ವಿಷತ್ವ ನಿಯಂತ್ರಣ 14ನೆಯ ದಿನಕ್ಕೆ ಶೇ 18. ಗೆರೆ ಸುಮಾರು 16 ದಿನ ಚಾಪೆ ಹಾಸಿ ಮಲಗಿದ ಹಾಗಿದೆ, ಆಮೇಲೆ ಎದ್ದು ಏರುತ್ತಲೇ ಇದೆ. 28ರಲ್ಲಿ ಚಿತ್ರ ಮುಗಿದುಹೋಗಿದೆ.

ಕೆಸರು ಕೈ (ಮೈಸೂರು)

ಉತ್ತರ ಆ 18ರಲ್ಲಿದೆ.

ಬೆಂಜೋಯೇಟ್ ಮಾತ್ರ ಇರುವ ಸೀಸೆ ಎರಡು ವಾರದಲ್ಲಿ 60 ದಾಟಬೇಕೆಂಬುದು ನಿಯಮ. 82 ಆಗಿದೆ, ಅಂದರೆ ಹೆಪ್ಪು ಚೆನ್ನಾಗಿತ್ತು. ಇನ್ನೊಂದು ಸೀಸೆಯಲ್ಲಿ ಬೆಂಜೋಯೇಟ್ ಮತ್ತು ನಿಮ್ಮ ದ್ರಾವಣ ಎರಡನ್ನೂ ಹಾಕಿರುತ್ತಾರೆ. ನಿಮ್ಮ ದ್ರಾವಣವನ್ನು ಅವು ಮುಟ್ಟದೇ ಹೋದರೂ ಬೆಂಜೋಯೇಟ್ ಪಾಲನ್ನಾದರೂ ತಿನ್ನಬೇಕಿತ್ತು, ಒಟ್ಟು ಬೇಡಿಕೆಯಲ್ಲಿ ಶೇ 40ರ ಹತ್ತಿರ ಬರಬೇಕಿತ್ತು. ಬಂದದ್ದು 18. ಎರಡು ವಾರದಲ್ಲಿ 25ಕ್ಕಿಂತ ಕಡಿಮೆಯಾದರೆ ಪರೀಕ್ಷಾ ವಸ್ತು ಹೆಪ್ಪನ್ನೇ ಹಿಡಿದು ನಿಲ್ಲಿಸಿದೆ ಎಂದು ತಿಳಿಯಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ.

ಇಷ್ಟವಾದ ಅನ್ನವನ್ನೂ ತಿನ್ನಲಾಗದಷ್ಟು ಹೊಟ್ಟೆ ಕೆಟ್ಟಿತ್ತು ಅಕ್ಕ. ಅಂಟುವಾಳ ಮಾತ್ರ ಇದನ್ನು ಮಾಡಿರಲಾರದು. ಪಟ್ಟಿಯಲ್ಲಿ ಇನ್ನೇನೋ ಇದೆ. ಏನು ಹಾಕಿದ್ದೀರಿ?

ಅಂಟುವಾಳದ ಮನೆ (ಸಾಗರ)

ಅಯ್ಯೋ. ಕಳೆದ ವರ್ಷದಿಂದ ಬೆಂಜಾಲ್ಕೋನಿಯಂ ಕ್ಲೋರೈಡ್ ಸೇರಿಸುತ್ತಿದ್ದೇವೆ. ಗಿರಾಕಿಗಳು "ಕೀಟಾಣು ಸಾಯುತ್ತದೆಯೇ" ಎಂದು ಕೇಳಲು ಶುರುಮಾಡಿದ್ದರು, ಚೀಟಿಯ ಮೇಲೆ ಬರೆಯಲು ಒಂದು ಮಾತು ಬೇಕಿತ್ತು. ಅಂಗಡಿಯಲ್ಲಿ ಸಿಗುವುದು ಶೇ 50ರ ದ್ರಾವಣ, ನೂರು ಲೀಟರಿಗೆ ಮೂರು ಲೀಟರ್. ಒಟ್ಟಿನಲ್ಲಿ ಇಷ್ಟೇ ಅಲ್ಲವೇ ಎಂದು ಮೊದಲ ಪಟ್ಟಿಯಲ್ಲಿ ಬರೆಯಲಿಲ್ಲ.

ಎಸ್‌ಟಿಪಿ ಪಾಳಿ (ಬೆಂಗಳೂರು)

ಮೇಡಂ, ಆ ಅಪಾರ್ಟ್‌ಮೆಂಟ್‌ನವರು ವರದಿ ಕೇಳಿದ್ದು ಸುಮ್ಮನೆ ಅಲ್ಲ. ನಾನು ವರ್ತೂರು ಕಡೆಯ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ ಕೊಳಚೆ ಸಂಸ್ಕರಣಾ ಘಟಕ ನಡೆಸುತ್ತೇನೆ. ಇಲ್ಲಿ ಸಂಸ್ಕರಿಸಿದ ನೀರೇ ಶೌಚಾಲಯದ ಫ್ಲಶ್‌ಗೆ, ಗಿಡಗಳಿಗೆ. ನನ್ನ ಘಟಕವೆಂದರೆ ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾಗಳು. ಪಂಪು ಪೈಪುಗಳೆಲ್ಲ ಅವಕ್ಕೆ ಕಟ್ಟಿದ ಕೊಟ್ಟಿಗೆ.

ಪ್ರತಿದಿನ ಬೆಳಿಗ್ಗೆ ಒಂದು ಲೀಟರಿನ ಗಾಜಿನ ಅಳತೆಪಾತ್ರೆಯಲ್ಲಿ ತೊಟ್ಟಿಯ ನೀರು ತೆಗೆದು ಅರ್ಧ ಗಂಟೆ ಇಡುತ್ತೇನೆ. ಕಾಫಿ ಬಣ್ಣದ ಕೆಸರು ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಒಮ್ಮೆ ಹಬ್ಬದ ಮುಂಚೆ ನೆಲಮಾಳಿಗೆಯಿಂದ ತಾರಸಿಯವರೆಗೆ ತೊಳೆಸಿದರು, ಸೋಂಕುನಿವಾರಕದ ಕ್ಯಾನುಗಳನ್ನು ನೇರವಾಗಿ ಚರಂಡಿಗೆ ಬಗ್ಗಿಸಿದ್ದರು. ಮೂರನೆಯ ದಿನ ಅಳತೆಪಾತ್ರೆ ನೋಡಿದರೆ ಮೇಲಿನ ನೀರು ಅಕ್ಕಿ ತೊಳೆದ ಹಾಗೆ, ತೊಟ್ಟಿಯ ಮೇಲೆ ಬಿಳಿ ನೊರೆ. ಸರಿಯಾಗಲು ಎರಡು ವಾರ ಹಿಡಿಯಿತು. ಪಕ್ಕದ ಸಮುಚ್ಚಯದಿಂದ ಕೆಸರು ಬೇಡಿ ತಂದು ಹಾಕಬೇಕಾಯಿತು, ಮನೆಯಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋದ ಹಾಗೆ.

ನಿವೃತ್ತ ರಸಾಯನ ಮೇಷ್ಟ್ರು (ಧಾರವಾಡ)

ಲೆಕ್ಕ ಹಾಕೋಣ. ಮಿಶ್ರಣಕ್ಕೆ ಅಣುಸೂತ್ರ ಇರುವುದಿಲ್ಲವಾದ್ದರಿಂದ ಸೈದ್ಧಾಂತಿಕ ಬೇಡಿಕೆಯ ಬದಲು ಸಿಒಡಿ, ಅಂದರೆ ರಾಸಾಯನಿಕವಾಗಿ ಅಳೆದ ಆಮ್ಲಜನಕದ ಬೇಡಿಕೆ, ಬಳಸಿರುತ್ತಾರೆ. ತಂಗಿ, ವರದಿಯಲ್ಲಿ ನಿಮ್ಮ ದ್ರಾವಣದ ಸಿಒಡಿ ಎಷ್ಟಿದೆ?

ಅಂಟುವಾಳದ ಮನೆ (ಸಾಗರ)

ಲೀಟರಿಗೆ 2 ಲಕ್ಷ ಮಿಲಿಗ್ರಾಂ ಎಂದಿದೆ ಸರ್. ಸೀಸೆಯಲ್ಲಿ ಲೀಟರಿಗೆ 100 ಮಿಲಿಗ್ರಾಂ ಸಿಒಡಿ ಬರುವಂತೆ ಹಾಕಿದ್ದಾರಂತೆ.

ನಿವೃತ್ತ ರಸಾಯನ ಮೇಷ್ಟ್ರು (ಧಾರವಾಡ)

ಹಾಗಾದರೆ ಒಂದು ಲೀಟರ್ ನೀರಿಗೆ ನಿಮ್ಮ ದ್ರಾವಣ ಅರ್ಧ ಮಿಲಿಲೀಟರ್. ನಿಮ್ಮಲ್ಲಿ ಬೆಂಜಾಲ್ಕೋನಿಯಂ ಶೇ 1.5, ಅಂದರೆ ಒಂದು ಮಿಲಿಲೀಟರಿನಲ್ಲಿ 15 ಮಿಲಿಗ್ರಾಂ. ಅರ್ಧದಲ್ಲಿ 7.5 ಮಿಲಿಗ್ರಾಂ. ಎದುರಿಗೆ ಇದ್ದ ಕೆಸರು ಹೆಚ್ಚೆಂದರೆ 30 ಮಿಲಿಗ್ರಾಂ. ನಾಲ್ಕು ಪಾಲು ಸೈನಿಕರಿಗೆ ಒಂದು ಪಾಲು ವಿಷ! ಕೀಟಾಣು ಕೊಲ್ಲುತ್ತದೆ ಎಂದು ಚೀಟಿಯಲ್ಲಿ ಬರೆದದ್ದನ್ನು ಪ್ರಯೋಗಾಲಯದವರು ನಿಮ್ಮ ಹಣದಲ್ಲೇ ಸಾಬೀತು ಮಾಡಿ ಕಳುಹಿಸಿದ್ದಾರೆ.

ಹಿತ್ತಲ ಗಿಡ (ಹಾಸನ)

ಒಂದು ಉಪಾಯ ಹೇಳಲೇ? ಬೆಂಜಾಲ್ಕೋನಿಯಂ ತಯಾರಿಸುವ ಕಾರ್ಖಾನೆಯ ಚರಂಡಿಯ ಕೆಸರನ್ನೇ ಹೆಪ್ಪಾಗಿ ಹಾಕಿದರೆ? ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಅದು ದಿನದ ಊಟವಾಗಿರುತ್ತದೆ.

ಕೆಸರು ಕೈ (ಮೈಸೂರು)

ಉಪಾಯ ಸರಿ, ಪರೀಕ್ಷೆ ಸುಳ್ಳಾಗುತ್ತದೆ. ಪರೀಕ್ಷಿಸುವ ವಸ್ತುವಿಗೆ ಮೊದಲೇ ಪಳಗಿಸಿದ ಕೆಸರನ್ನು ಬಳಸಬಾರದೆಂದು 301ರಲ್ಲಿ ಸ್ಪಷ್ಟವಾಗಿದೆ. ಇದು ಬೇಕೆಂದೇ ಕಠಿಣ ಮಾಡಿದ ಪರೀಕ್ಷೆ. ಆಹಾರ ಹೆಚ್ಚು, ತಿನ್ನುವವರು ಕಡಿಮೆ, ಪರಿಚಯವಿಲ್ಲ, ಸಮಯ 28 ದಿನ. ಇಷ್ಟರಲ್ಲಿ ಗೆದ್ದ ವಸ್ತು ಹೊಳೆಯಲ್ಲೂ ಘಟಕದಲ್ಲೂ ಬೇಗ ಹೋಗುತ್ತದೆ ಎಂದು ನಂಬಬಹುದು. ಸೋತದ್ದು ಎಂದೂ ಕೊಳೆಯುವುದಿಲ್ಲ ಎಂದು ಮಾತ್ರ ಹೇಳಲಾಗದು. ಸೋತವರಿಗಾಗಿ 302 ಸರಣಿ ಇದೆ, ಅಲ್ಲಿ ಕೆಸರು ಧಾರಾಳ.

ಅಕ್ಕನ ಗೆರೆ 16 ದಿನ ಮಲಗಿ ಎದ್ದದ್ದೂ ಇದನ್ನೇ ಹೇಳುತ್ತದೆ. ಹೆಪ್ಪಿನಲ್ಲಿ ಬದುಕುಳಿದ ಕೆಲವು ನಿಧಾನವಾಗಿ ಹೆಚ್ಚಿಕೊಂಡಿರಬೇಕು. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲು ತಡವಾದರೆ ಉದ್ದು ಸರಿಯಿಲ್ಲ ಎನ್ನುವುದಿಲ್ಲವಲ್ಲ. ಬೆಂಜಾಲ್ಕೋನಿಯಂ ಅನ್ನೂ ತೀರಾ ತೆಳುವಾಗಿ ಕೊಟ್ಟರೆ ಬ್ಯಾಕ್ಟೀರಿಯಾಗಳು ತಿನ್ನಬಲ್ಲವು, ತೊಂದರೆ ಇರುವುದು ಪ್ರಮಾಣದಲ್ಲಿ. ಪ್ರಯೋಗಾಲಯದವರು "ಸುಲಭವಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆಯುವ ಬದಲು, ಈ ಸಾಂದ್ರತೆಯಲ್ಲಿ ಪ್ರತಿಬಂಧ ಕಂಡಿದೆ, ಕಡಿಮೆ ಸಾಂದ್ರತೆಯಲ್ಲಿ ಮತ್ತೆ ಮಾಡಬೇಕು ಎಂದು ಬರೆಯಬೇಕಿತ್ತು. ಅಂಕಿಯನ್ನು ಕೊಟ್ಟಿದ್ದಾರೆ, ಓದಿಲ್ಲ. ನಮ್ಮ ವೃತ್ತಿಯಲ್ಲಿ ಇದು ಹೊಸತೇನೂ ಅಲ್ಲ.

ಹಿತ್ತಲ ಗಿಡ (ಹಾಸನ)

ಇನ್ನೊಂದು ಸಂದೇಹ. ಬಟ್ಟೆ ಸೋಪಿನ ಪುಡಿಯ ಪೊಟ್ಟಣಗಳ ಮೇಲೆಲ್ಲ ಜೈವಿಕವಾಗಿ ಕೊಳೆಯುತ್ತದೆ ಎಂದೇ ಇರುತ್ತದೆ. ಹಾಗಾದರೆ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದು ಹೇಗೆ? 2015ರಲ್ಲಿ ಆ ನೊರೆಗೆ ಬೆಂಕಿ ಕೂಡ ಹತ್ತಿತ್ತು. ಪರೀಕ್ಷೆಗಳೆಲ್ಲ ಕಾಗದದ ಹುಲಿ ಅಲ್ಲವೇ?

ನೆಕರ್ ದಂಡೆ (ಸ್ಟುಟ್‌ಗಾರ್ಟ್)

ಇದಕ್ಕೆ ನಾನು ಉತ್ತರಿಸುತ್ತೇನೆ, ಇಲ್ಲಿ ತ್ಯಾಜ್ಯನೀರಿನ ಕೆಲಸವೇ ನನ್ನದು. ಬೆಳ್ಳಂದೂರಿನ ದೃಶ್ಯವನ್ನು ಜರ್ಮನಿ 1950ರ ದಶಕದಲ್ಲೇ ನೋಡಿತ್ತು. ಆಗಿನ ಡಿಟರ್ಜೆಂಟಿನ ಮುಖ್ಯ ವಸ್ತುವಿನ ಇಂಗಾಲದ ಸರಪಳಿಗೆ ಕವಲುಗಳಿದ್ದವು. ಬ್ಯಾಕ್ಟೀರಿಯಾ ಸರಪಳಿಯನ್ನು ತುದಿಯಿಂದ ಎರಡೆರಡು ಇಂಗಾಲದಂತೆ ಕತ್ತರಿಸುತ್ತಾ ಬರುತ್ತದೆ. ಕವಲು ಎದುರಾದರೆ ಕತ್ತರಿ ನಿಲ್ಲುತ್ತದೆ. ಬಿದಿರಿನ ಹಿಂಡಲಿನಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡಾಗ ಒಂದು ಗಳವನ್ನೂ ಎಳೆಯಲಾಗುವುದಿಲ್ಲವಲ್ಲ, ಹಾಗೆ. ನದಿಗಳಲ್ಲಿ ನೊರೆಯ ಗುಡ್ಡೆ ಬಿದ್ದಿತು. 1961ರಲ್ಲಿ ಕಾನೂನು ಬಂತು, 1964ರಿಂದ ಕನಿಷ್ಠ ಶೇ 80 ವಿಘಟನೆ ಕಡ್ಡಾಯವಾಯಿತು. ಕಾರ್ಖಾನೆಗಳು ನೇರ ಸರಪಳಿಯ ಸರ್ಫ್ಯಾಕ್ಟೆಂಟ್ ಆದ ಎಲ್‌ಎಎಸ್‌ಗೆ ಬದಲಾದವು, ಅಮೆರಿಕದ ಉದ್ಯಮವೂ 1965ರ ಹೊತ್ತಿಗೆ ಬದಲಾಯಿಸಿಕೊಂಡಿತು. ಪರೀಕ್ಷೆ ಕಾಗದದ ಹುಲಿಯಾಗಿದ್ದರೆ ಇದು ನಡೆಯುತ್ತಿರಲಿಲ್ಲ.

ಆದರೆ ಎಲ್‌ಎಎಸ್ ಕೊಳೆಯಲು ಆಮ್ಲಜನಕ ಬೇಕೇ ಬೇಕು. ಗಾಳಿಯಿಲ್ಲದ ಕಡೆ ಅದು ಬಹುಮಟ್ಟಿಗೆ ಹಾಗೆಯೇ ಕುಳಿತಿರುತ್ತದೆ. ಸೀಸೆಯಲ್ಲಿ ಆಮ್ಲಜನಕಕ್ಕೆ ಕೊರತೆಯಿಲ್ಲ. ಸಂಸ್ಕರಿಸದ ಕೊಳಚೆ ತುಂಬಿದ ಕೆರೆಯಲ್ಲಿ ಅದು ಎಲ್ಲಿದೆ? ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳ್ಳಂದೂರನ್ನು ಅಧ್ಯಯನ ಮಾಡಿ ಹೇಳಿದ್ದೂ ಇದೇ ಧಾಟಿಯಲ್ಲಿದೆ. ಪೂರ್ತಿ ಕೊಳೆಯದ ಸರ್ಫ್ಯಾಕ್ಟೆಂಟ್ ತಳದ ಹೂಳಿಗೆ ಅಂಟಿಕೊಂಡು ಸೇರುತ್ತದೆ, ಜೋರು ಮಳೆ ಬಂದಾಗ ಹೂಳು ಕದಡಿ ಕೋಡಿಯಲ್ಲಿ ಧುಮುಕಿ ನೊರೆಯಾಗುತ್ತದೆ.

ಎಸ್‌ಟಿಪಿ ಪಾಳಿ (ಬೆಂಗಳೂರು)

ಆ ಕೋಡಿಯ ಪಕ್ಕದಲ್ಲೇ ಎಷ್ಟೋ ವರ್ಷ ಬೈಕಿನಲ್ಲಿ ಓಡಾಡಿದ್ದೇನೆ. ಹೆಲ್ಮೆಟ್ ಗಾಜಿಗೆ ಹಾರಿ ಬಂದ ನೊರೆ ಒಣಗಿದರೆ ಬೂದು ಬಣ್ಣದ ಪೊರೆ ಉಳಿಯುತ್ತಿತ್ತು, ಉಗುರಿನಿಂದ ಕೆರೆಯಬೇಕಿತ್ತು. ಸೋಪಿನ ನೊರೆ ಹಾಗೆ ಕಲೆ ಉಳಿಸುವುದಿಲ್ಲ. ಹೂಳು ಸೇರಿದೆ ಎನ್ನುವುದು ನಿಜವೇ.

ಕೆಸರು ಕೈ (ಮೈಸೂರು)

ನೆಕರ್ ದಂಡೆಯವರು ಹೇಳಿದ 80ಕ್ಕೂ ನಮ್ಮ 60ಕ್ಕೂ ಗೊಂದಲ ಬೇಡ. 80 ಎಂಬುದು ಪ್ರಾಥಮಿಕ ವಿಘಟನೆ, ಅಂದರೆ ಅಣು ನೊರೆ ಬರಿಸುವ ಗುಣ ಕಳೆದುಕೊಂಡಿತೇ ಎಂಬುದಷ್ಟೇ. ಅದನ್ನು ಮಿಥಿಲೀನ್ ಬ್ಲೂ ಬಣ್ಣದಿಂದ ನೋಡುತ್ತೇವೆ. ನೀರು, ಬಣ್ಣ, ಕ್ಲೋರೋಫಾರ್ಮ್ ಮೂರನ್ನೂ ಪ್ರತ್ಯೇಕಕ ಆಲಿಕೆಯಲ್ಲಿ ಹಾಕಿ ಕುಲುಕಿದರೆ, ಸರ್ಫ್ಯಾಕ್ಟೆಂಟ್ ಇದ್ದಷ್ಟೂ ನೀಲಿ ಕೆಳಗಿನ ಕ್ಲೋರೋಫಾರ್ಮಿಗೆ ಇಳಿಯುತ್ತದೆ. ಏನೂ ಇಲ್ಲದಿದ್ದರೆ ಕೆಳಪದರ ಬಹುತೇಕ ಬಣ್ಣವಿಲ್ಲದೆ ನಿಲ್ಲುತ್ತದೆ. ನೋಡಲು ಚೆಂದ, ಮೂಗಿಗೆ ಅಲ್ಲ.

ಅಣು ಒಂದು ಕಡೆ ಮುರಿದರೂ ನೀಲಿ ಹೋಗುತ್ತದೆ, ತುಂಡು ಮಾತ್ರ ಉಳಿದಿರಬಹುದು. ನೋನೈಲ್‌ಫೀನಾಲ್ ಎಥಾಕ್ಸಿಲೇಟ್ ಎಂಬ ಸರ್ಫ್ಯಾಕ್ಟೆಂಟ್‌ಗಳಲ್ಲಿ ಆದದ್ದು ಅದೇ. ನೊರೆ ಹೋಯಿತು, ಉಳಿದ ನೋನೈಲ್‌ಫೀನಾಲ್ ಮೀನುಗಳ ಹಾರ್ಮೋನಿಗೆ ಕೈ ಹಾಕಿತು. ಹಾಗಾಗಿ ಯುರೋಪಿನ 2004ರ ಡಿಟರ್ಜೆಂಟ್ ನಿಯಮ ಪೂರ್ಣ ವಿಘಟನೆಯನ್ನೂ ಕೇಳಿತು, 28 ದಿನದಲ್ಲಿ ಶೇ 60. ಅಲ್ಲಿ ಸರ್ಫ್ಯಾಕ್ಟೆಂಟ್‌ಗಳಿಗೆ ಹತ್ತು ದಿನದ ಕಿಟಕಿ ಬೇಡ ಎಂದಿದ್ದಾರೆ. ಅವು ಉದ್ದ ಗಿಡ್ಡ ಸರಪಳಿಗಳ ಗುಂಪು, ಒಂದೊಂದೂ ಒಂದೊಂದು ದಿನ ಎದ್ದು ಊಟಕ್ಕೆ ಬರುತ್ತದೆ.

ನಿವೃತ್ತ ರಸಾಯನ ಮೇಷ್ಟ್ರು (ಧಾರವಾಡ)

ಇದೇ ಕಾರಣಕ್ಕೆ ನನ್ನ ಒಂದು ತಕರಾರು. ಇಡೀ ದ್ರಾವಣವನ್ನು ಪರೀಕ್ಷೆಗೆ ಕಳುಹಿಸಿದ್ದೇ ಸರಿಯಲ್ಲ. 1981ರಲ್ಲಿ ಬಂದು 1992ರಲ್ಲಿ ಪರಿಷ್ಕೃತವಾದ ಈ 301 ಇರುವುದು ಒಂದೊಂದೇ ರಾಸಾಯನಿಕಕ್ಕೆ. ಮಿಶ್ರಣ ಶೇ 75 ಬಂದರೂ, ಉಳಿದ 25ರಲ್ಲಿ ಒಂದಿಷ್ಟೂ ಕೊಳೆಯದ ಪದಾರ್ಥ ಅಡಗಿ ಕುಳಿತಿರಬಹುದು. ಹುಳಿಯಲ್ಲಿ ಒಂದು ಕಲ್ಲು ಇದ್ದರೆ ಹುಳಿಯ ರುಚಿಯಿಂದ ಗೊತ್ತಾಗುತ್ತದೆಯೇ? ಸರ್ಫ್ಯಾಕ್ಟೆಂಟ್ ಕೊಡುವವರಿಂದ ಅದರದ್ದೇ ವರದಿ ಕೇಳಿ ತಂಗಿ. ದೊಡ್ಡ ತಯಾರಕರ ಬಳಿ ಇದ್ದೇ ಇರುತ್ತದೆ.

ಅಂಟುವಾಳದ ಮನೆ (ಸಾಗರ)

ಕೇಳುತ್ತೇನೆ ಸರ್. ಕಡಿಮೆ ಸಾಂದ್ರತೆಯಲ್ಲಿ ಮಾಡಿಸುವುದಾದರೆ ಯಾವ ವಿಧಾನ? ಊರಿನ ಪ್ರಯೋಗಾಲಯದವರು ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಸಾಕಲ್ಲವೇ, ಮೂರು ದಿನದಲ್ಲಿ ಮುಗಿಯುತ್ತದೆ ಎನ್ನುತ್ತಾರೆ.

ಕೆಸರು ಕೈ (ಮೈಸೂರು)

ನಮ್ಮ ದೇಶದಲ್ಲಿ ಬಿಒಡಿ 27 ಡಿಗ್ರಿಯಲ್ಲಿ ಮೂರು ದಿನ, ಹೊರದೇಶಗಳಲ್ಲಿ 20 ಡಿಗ್ರಿಯಲ್ಲಿ ಐದು ದಿನ. ಅದು ಕೊಳಚೆ ನೀರಿನ ಬಲ ಅಳೆಯುವ ಕೋಲು. ಒಂದು ರಾಸಾಯನಿಕ ಪೂರ್ತಿ ಹೋಯಿತೇ ಎಂದು ಅದರಿಂದ ತಿಳಿಯದು.

ಕಡಿಮೆ ಸಾಂದ್ರತೆಗೆ 301 ಡಿ ಇದೆ, ಮುಚ್ಚಿದ ಸೀಸೆಯ ವಿಧಾನ. ಬಿಒಡಿ ಸೀಸೆಯನ್ನು ಅಂಚಿನವರೆಗೆ ತುಂಬಿ, ಗುಳ್ಳೆ ಇಲ್ಲದಂತೆ ಗಾಜಿನ ಬಿರಡೆ ಹಾಕಿ 28 ದಿನ ಇಡುವುದು. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ ಆಸುಪಾಸು, ಅಷ್ಟೇ ಬಂಡವಾಳ. ಹಾಗಾಗಿ ವಸ್ತುವನ್ನು ಕೆಲವೇ ಮಿಲಿಗ್ರಾಂ ಹಾಕಬೇಕು. ಆಗ ನಿಮ್ಮ ಬೆಂಜಾಲ್ಕೋನಿಯಂ ಅರ್ಧ ಮಿಲಿಗ್ರಾಂಗಿಂತ ಕೆಳಗೆ ಇಳಿಯುತ್ತದೆ. ಆದರೆ ಅಲ್ಲಿ ಹೆಪ್ಪೂ ಹನಿಗಳಷ್ಟೇ, ಅಷ್ಟು ಬೆಂಜಾಲ್ಕೋನಿಯಂಗೂ ಆ ಹೆಪ್ಪು ನಿಂತುಹೋಗಬಹುದು.

ನನ್ನನ್ನು ಕೇಳಿದರೆ, ಪರೀಕ್ಷೆ ಬದಲಾಯಿಸುವ ಮೊದಲು ದ್ರಾವಣ ಬದಲಾಯಿಸಿ.

ಹಿತ್ತಲ ಗಿಡ (ಹಾಸನ)

ಬೆಂಜಾಲ್ಕೋನಿಯಂ ತೆಗೆದರೆ ನೆಲದ ಕೀಟಾಣು?

ಎಸ್‌ಟಿಪಿ ಪಾಳಿ (ಬೆಂಗಳೂರು)

ಮನೆ ಆಸ್ಪತ್ರೆಯಲ್ಲ ಸರ್. ಒರೆಸಿ ಒಣಗಿಸಿದ ನೆಲದ ಮೇಲೆ ಯಾರೂ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಇನ್ನೂರು ಮನೆಗಳು ದಿನಾ ಒಂದೊಂದು ಮುಚ್ಚಳ ಹಾಕಿದರೆ ಅಷ್ಟೂ ಬಂದು ಸೇರುವುದು ನನ್ನ ತೊಟ್ಟಿಗೆ.

ಅಂಟುವಾಳದ ಮನೆ (ಸಾಗರ)

ಹತ್ತು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಬೆಂಜಾಲ್ಕೋನಿಯಂ ಬಿಟ್ಟೆವು. ಚೀಟಿಯಿಂದ ಕೀಟಾಣುವಿನ ಸಾಲು ತೆಗೆಯಲು ಅತ್ತಿಗೆಯನ್ನು ಒಪ್ಪಿಸುವುದಕ್ಕೇ ಒಂದು ವಾರ ಹಿಡಿಯಿತು. ಸರ್ಫ್ಯಾಕ್ಟೆಂಟ್ ಕೊಡುವವರು 301 ಬಿ ವರದಿ ಕಳುಹಿಸಿದರು, ತೇರ್ಗಡೆ ಎಂದಿದೆ. ನಮ್ಮ ಹೊಸ ದ್ರಾವಣವನ್ನು ಅದೇ ಪ್ರಯೋಗಾಲಯಕ್ಕೆ ಮತ್ತೆ ಕೊಟ್ಟೆವು. ನಡುವೆ 11ನೆಯ ದಿನ ಅಲ್ಲಿ ವಿದ್ಯುತ್ ಹೋಗಿ ಪೆಟ್ಟಿಗೆ ಬಿಸಿಯಾಗಿ ಗೆರೆಯಲ್ಲಿ ಒಂದು ಗೂನು ಬಂದಿದೆ. ಅದನ್ನು ಅವರೇ ಫೋನ್ ಮಾಡಿ ಹೇಳಿ ಟಿಪ್ಪಣಿಯಲ್ಲೂ ಬರೆದಿದ್ದಾರೆ, ಸಂತೋಷವಾಯಿತು.

14ನೆಯ ದಿನ ವಿಷತ್ವ ನಿಯಂತ್ರಣ ಶೇ 67. ದ್ರಾವಣ 28ನೆಯ ದಿನಕ್ಕೆ ಶೇ 71.

ಕೆಸರು ಕೈ (ಮೈಸೂರು)

ಒಳ್ಳೆಯ ಗೆರೆ. ಗೂನು ಎಲ್ಲ ಸೀಸೆಗಳಲ್ಲೂ ಒಂದೇ ಥರ ಬಂದಿದ್ದರೆ, ಖಾಲಿ ಸೀಸೆಯನ್ನು ಕಳೆದಾಗ ಬಹುಪಾಲು ಹೋಗುತ್ತದೆ. ನಿಮ್ಮ ದ್ರಾವಣದ ಜೋಡಿ ಸೀಸೆಗಳೆರಡರ ನಡುವಿನ ಅಂತರ ಶೇ 20 ಮೀರಿಲ್ಲವೆಂದು ಒಮ್ಮೆ ನೋಡಿಕೊಳ್ಳಿ.

ಅಂಟುವಾಳದ ಮನೆ (ಸಾಗರ)

ಅಂತರ 6. ಇನ್ನೊಂದೇ ಪ್ರಶ್ನೆ ಉಳಿದಿದೆ. ಹಳೆಯ ದ್ರಾವಣ ಎಂಬತ್ತು ಲೀಟರ್ ಕೊಟ್ಟಿಗೆಯಲ್ಲಿದೆ. ಏನು ಮಾಡುವುದು?

ಎಸ್‌ಟಿಪಿ ಪಾಳಿ (ಬೆಂಗಳೂರು)

ಒಂದೇ ಸಲ ಎಲ್ಲೂ ಸುರಿಯಬೇಡಿ, ಬಾಳೆ ಬುಡಕ್ಕಂತೂ ಬೇಡವೇ ಬೇಡ. ನಿಮ್ಮದೇ ನೆಲಕ್ಕೆ ದಿನಕ್ಕೊಂದು ಮುಚ್ಚಳ. ಬೆಂಗಳೂರಿಗೆ ಮಾತ್ರ ಕಳುಹಿಸಬೇಡಿ ಮೇಡಂ, ಆ ಅಪಾರ್ಟ್‌ಮೆಂಟ್‌ನಲ್ಲಿ ಘಟಕ ನೋಡಿಕೊಳ್ಳುವವನು ನನ್ನ ಭಾವಮೈದುನ.